ಒಂದೇ ಮನೆ, ಎರಡು ಕುಸಿತ: ಪಾಂಡವಪುರ ತಾಲ್ಲೂಕಿನ ಅಕ್ಕ–ತಮ್ಮನ ಓದು ಮತ್ತು ಕೆಲಸ

ಪಾಂಡವಪುರ ತಾಲ್ಲೂಕಿನ ಒಂದು ರೈತರ ಮನೆ. ಅಪ್ಪ, ಅಮ್ಮ, ಮಗಳು, ಮಗ. ಒಂದೂವರೆ ಎಕರೆ ನಾಲೆ ಬಯಲು, ಎರಡು ಹಸು. ಮಗಳು 2019ರಲ್ಲಿ ಇಂಜಿನಿಯರಿಂಗ್ ಸೇರಿ 2023ರಲ್ಲಿ ಮುಗಿಸಿದಳು. ಮಗ 2020ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ. ಇಬ್ಬರೂ ಚೆನ್ನಾಗಿ ಓದುವವರು. ಆದರೆ ಒಬ್ಬನಿಗೆ ಮುಂದಿನ ಓದು ಆರಿಸಿಕೊಳ್ಳುವ ತಿಂಗಳಲ್ಲೇ ಆರ್ಥಿಕ ಕುಸಿತ ಬಂತು. ಇನ್ನೊಬ್ಬಳಿಗೆ ಓದು ಮುಗಿಸಿ ಕೆಲಸಕ್ಕೆ ಹೋಗುವ ತಿಂಗಳಲ್ಲಿ ಬಂತು.

ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುತ್ತೇನೆ. ಮಗಳು ನನ್ನ ವಿದ್ಯಾರ್ಥಿನಿ. ಸ್ಕಾಲರ್‌ಶಿಪ್, ಸಾಲ ಅಂತ ಅರ್ಜಿ ಹಿಡಿದು ಬರುವ ಹಳೆ ವಿದ್ಯಾರ್ಥಿಗಳ ಜೊತೆ ಕೂತು ತುಂಬಿಸಿಕೊಡುವುದು ನನ್ನ ಅಭ್ಯಾಸ. ಹಾಗಾಗಿ ಈ ಮನೆಯ ಲೆಕ್ಕ ನನಗೆ ಗೊತ್ತು. ಅವರ ಒಪ್ಪಿಗೆ ತೆಗೆದುಕೊಂಡು, ಹೆಸರು ಮತ್ತು ಊರು ಬಿಟ್ಟು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಅಕ್ಕ, ತಮ್ಮ ಅಂತಲೇ ಕರೆಯುತ್ತೇನೆ.

2020ರ ಜೂನ್, ಜುಲೈ, ಆಗಸ್ಟ್

ಈ ಮನೆಗೆ ಮೂರು ಕಡೆಯಿಂದ ದುಡ್ಡು ಬರುತ್ತಿತ್ತು. ಅಪ್ಪನ ಕಬ್ಬು, ಅಮ್ಮನ ಗಾರ್ಮೆಂಟ್ಸ್ ಸಂಬಳ, ಡೇರಿಗೆ ಹಾಕುವ ಹಾಲು. ಮೂರಕ್ಕೂ ಬೇರೆ ಬೇರೆ ಕೆಲಸ ಇತ್ತು. ಹಾಲಿನ ದುಡ್ಡು ದಿನಸಿಗೆ, ಹಿಂಡಿ–ಬೂಸಕ್ಕೆ. ಅಮ್ಮನ ಸಂಬಳ ತಿಂಗಳ ಖರ್ಚಿಗೆ ಮತ್ತು ಸಂಘದ ಕಂತಿಗೆ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಒಟ್ಟಿಗೆ ಬರುತ್ತಿತ್ತು. ಅದು ಫೀಸಿಗೆ.

ಕಬ್ಬಿನ ತೊಂದರೆ ಕೊರೋನಾಕ್ಕಿಂತ ಮೊದಲೇ ಶುರುವಾಗಿತ್ತು. 1933ರಲ್ಲಿ ಹುಟ್ಟಿದ ಮಂಡ್ಯದ ಮೈಶುಗರ್ ಕಾರ್ಖಾನೆ ಆ ಹೊತ್ತಿಗೆ ನಿಂತುಹೋಗಿತ್ತು. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆಯೂ ನಿಂತಿತ್ತು. ಹತ್ತಿರದ ಎರಡೂ ಕಾರ್ಖಾನೆ ಅರೆಯದೇ ಇದ್ದರೆ ರೈತನಿಗೆ ಉಳಿಯುವುದು ಎರಡು ದಾರಿ. ದೂರದ ಕಾರ್ಖಾನೆಗೆ ಕಳಿಸಬೇಕು, ಇಲ್ಲ ಆಲೆಮನೆಗೆ ಕೊಡಬೇಕು. ದೂರದ ಕಾರ್ಖಾನೆಯವರು ಕಟಾವಿಗೆ ಯಾವಾಗ ಬರುತ್ತಾರೋ ಹೇಳಲು ಬರುವುದಿಲ್ಲ. ವಯಸ್ಸು ಮೀರಿದ ಕಬ್ಬಿನಲ್ಲಿ ತೂಕ ಇಳಿಯುತ್ತದೆ. ಇನ್ನು ಮಂಡ್ಯದ ಆಲೆಮನೆಗಳಲ್ಲಿ ಉತ್ತರಪ್ರದೇಶದಿಂದ ಬಂದ ಕೆಲಸಗಾರರು ಜಾಸ್ತಿ. ಲಾಕ್‌ಡೌನ್‌ನಲ್ಲಿ ಅವರೆಲ್ಲ ಊರಿಗೆ ಹೊರಟುಹೋದರು.

ಈ ಅಪ್ಪ ಹೊರಗಿನ ಕಾರ್ಖಾನೆಗೆ ಕಬ್ಬು ಕಳಿಸಿದ್ದರು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಇವರಿಗೆ ಅರ್ಧ ದುಡ್ಡು ಬಂದು ಅರ್ಧ ಬಾಕಿ ನಿಂತಿತು. ಬಡ್ಡಿಯ ಮಾತು ಯಾರೂ ಎತ್ತಲಿಲ್ಲ.

ಅಮ್ಮ ಕೆಲಸ ಮಾಡುತ್ತಿದ್ದದ್ದು ಶ್ರೀರಂಗಪಟ್ಟಣದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ. 2020ರ ಜೂನ್‌ನಲ್ಲಿ ಅದು ಬಾಗಿಲು ಹಾಕಿತು. ಸುಮಾರು 1,200 ಜನರ ಕೆಲಸ ಹೋಯಿತು. ಹೆಚ್ಚಿನವರು ಸುತ್ತಮುತ್ತಲ ಹಳ್ಳಿಗಳ ಹೆಣ್ಣುಮಕ್ಕಳು. ಹೊರದೇಶದ ಅಂಗಡಿಗಳು ಮುಚ್ಚಿದ್ದವು, ಆರ್ಡರ್ ಇಲ್ಲ ಅನ್ನುವುದು ಮಾಲೀಕರು ಕೊಟ್ಟ ಕಾರಣ. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು 24 ಪರ್ಸೆಂಟ್ ಕುಸಿದಿತ್ತು. ಈ ಮನೆಗೆ ಆ ಅಂಕಿ ಬಂದು ತಾಕಿದ್ದು ಅಮ್ಮನ ಸಂಬಳದ ರೂಪದಲ್ಲಿ. ಹೋರಾಟ ಆಯಿತು, ಕೊನೆಗೆ ಲೆಕ್ಕ ಚುಕ್ತಾ ಮಾಡಿ ಒಂದಿಷ್ಟು ದುಡ್ಡು ಬಂತು. ಅದು ಪೂರ್ತಿ ಅಕ್ಕನ ಎರಡನೇ ವರ್ಷದ ಫೀಸಿಗೆ ಹೋಯಿತು. ಬ್ಯಾಂಕಿನ ಸಾಲ ಇತ್ತು, ಆದರೆ ಬಸ್ಸು, ಪುಸ್ತಕ, ಪರೀಕ್ಷೆ ಫೀಸು ಎಲ್ಲ ಸೇರಿದರೆ ಅದು ಸಾಲುತ್ತಿರಲಿಲ್ಲ.

ಇದರ ಮಧ್ಯೆ ತಮ್ಮನ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು. ಮಾಸ್ಕ್ ಹಾಕಿಕೊಂಡು ಬರೆದ. ಆಗಸ್ಟ್ 10ಕ್ಕೆ ಫಲಿತಾಂಶ ಬಂತು. ಗಣಿತ, ವಿಜ್ಞಾನ ಎರಡರಲ್ಲೂ ಒಳ್ಳೆಯ ಅಂಕ. ಅವನಿಗೆ ಸೈನ್ಸ್ ತೆಗೆದುಕೊಳ್ಳಬೇಕು ಅಂತ ಆಸೆ ಇತ್ತು. ಅಕ್ಕನ ನೋಟ್ಸ್ ಎಲ್ಲ ಎತ್ತಿಟ್ಟುಕೊಂಡಿದ್ದ.

ಮನೆಯಲ್ಲಿ ಮಾತು ನಡೆದದ್ದು ಒಂದೆರಡು ವಾರ ಮಾತ್ರ. ಅಪ್ಪನ ಲೆಕ್ಕ ಸರಳ. ಪಿಯು ಎರಡು ವರ್ಷ, ಇಂಜಿನಿಯರಿಂಗ್ ನಾಲ್ಕು ವರ್ಷ, ಒಟ್ಟು ಆರು ವರ್ಷ ಫೀಸು ಕಟ್ಟಬೇಕು. ಐಟಿಐ ಆದರೆ ಎರಡು ವರ್ಷ, ಆಮೇಲೆ ಮನೆಗೆ ದುಡ್ಡು ತರುತ್ತಾನೆ. ಇನ್ನೊಂದು ವಿಷಯವೂ ಇತ್ತು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಅಕ್ಕನ ಆನ್‌ಲೈನ್ ಕ್ಲಾಸು ಅದರಲ್ಲೇ ನಡೆಯುತ್ತಿತ್ತು. ಪಿಯು ಪಾಠವೂ ಆನ್‌ಲೈನ್ ಅಂದಾಗ ಇನ್ನೊಂದು ಫೋನ್ ಎಲ್ಲಿಂದ ತರುವುದು? ತಮ್ಮ ಸರ್ಕಾರಿ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಸೇರಿದ.

ನಾನು ಅಪ್ಪನನ್ನು ತಪ್ಪು ಅನ್ನುವುದಿಲ್ಲ. ಆ ಎರಡು ವಾರದಲ್ಲಿ, ಆ ಜೇಬಿನಲ್ಲಿ, ಯಾರೇ ಆದರೂ ಹಾಗೇ ಯೋಚಿಸುತ್ತಿದ್ದರು. ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಆ ವರ್ಷವೇ ಪಾಂಡವಪುರದ ಕಾರ್ಖಾನೆ ಗುತ್ತಿಗೆಗೆ ಹೋಗಿ ಮತ್ತೆ ಅರೆಯಲು ಶುರು ಮಾಡಿತು. ಕಬ್ಬಿನ ಬಾಕಿ ತಿಂಗಳುಗಳ ನಂತರ ಕೈ ಸೇರಿತು. ಅಮ್ಮನಿಗೆ ಮದ್ದೂರಿನ ಕಡೆ ಬೇರೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತು, ಸಂಬಳ ಸ್ವಲ್ಪ ಕಡಿಮೆ. ಅಂದರೆ ಒಂದು ವರ್ಷದೊಳಗೆ ಮನೆ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂತು. ತಮ್ಮನ ಅಡ್ಮಿಷನ್ ಮಾತ್ರ ಹಿಂದಕ್ಕೆ ಹೋಗಲಿಲ್ಲ. ಆದಾಯದ ಪೆಟ್ಟು ಕೆಲವು ತಿಂಗಳದ್ದು. ಅದರಿಂದ ಆದ ತೀರ್ಮಾನ ಎಷ್ಟೋ ವರ್ಷದ್ದು.

ಅರ್ಥಶಾಸ್ತ್ರದ ಪಾಠದಲ್ಲಿ ಆರ್ಥಿಕ ಹಿಂಜರಿತ ಬಂದಾಗ ಓದುವವರ ಸಂಖ್ಯೆ ಏರುತ್ತದೆ ಅಂತ ಬರುತ್ತದೆ. ಕೆಲಸವೇ ಸಿಗದಿದ್ದಾಗ ಕಾಲೇಜಿಗೆ ಹೋಗುವುದರಿಂದ ಕಳೆದುಕೊಳ್ಳುವುದು ಕಡಿಮೆ ಅನ್ನುವುದು ಅದರ ಹಿಂದಿನ ತರ್ಕ. 2008ರ ನಂತರ ಅಮೆರಿಕದಲ್ಲಿ ಹಾಗೆಯೇ ಆಯಿತು. ಅದು ನಿಜವಾಗಬೇಕಾದರೆ ಮನೆಯಲ್ಲಿ ಫೀಸು ಕಟ್ಟುವಷ್ಟು ಉಳಿತಾಯ ಇರಬೇಕು, ಇಲ್ಲ ಸುಲಭವಾಗಿ ಸಾಲ ಸಿಗಬೇಕು. ವರ್ಷಕ್ಕೊಮ್ಮೆ ದುಡ್ಡು ಬರುವ ಮನೆಯಲ್ಲಿ ಅದೇ ಹಿಂಜರಿತ ಹುಡುಗನನ್ನು ಓದಿನಿಂದ ಹೊರಗೆ ತಳ್ಳುತ್ತದೆ, ಇಲ್ಲ ಚಿಕ್ಕ ಕೋರ್ಸಿನ ಕಡೆಗೆ ತಿರುಗಿಸುತ್ತದೆ.

ಅಕ್ಕನ ಆಫರ್ ಲೆಟರ್

ಅಕ್ಕ ಸಿಇಟಿ ಬರೆದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಪಡೆದವಳು. ಎಲೆಕ್ಟ್ರಾನಿಕ್ಸ್ ವಿಭಾಗ. ವರ್ಷಕ್ಕೆ ಒಂದು ಲಕ್ಷದಂತೆ ಒಟ್ಟು 4 ಲಕ್ಷ ಶಿಕ್ಷಣ ಸಾಲ. 2021ರಲ್ಲಿ ರಾಜ್ಯ ಸರ್ಕಾರ ರೈತ ವಿದ್ಯಾನಿಧಿ ಶುರು ಮಾಡಿದ ಮೇಲೆ ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ರೂಪಾಯಿ ಬರುವಂತಾಯಿತು. ಇವಳಿಗೂ ಬಂತು. ಬಸ್ಸಿನ ಖರ್ಚು ಅದರಲ್ಲಿ ಕಳೆಯಿತು.

ಅವಳು ಮೂರನೇ ವರ್ಷದಲ್ಲಿದ್ದಾಗ ಐಟಿ ಕಂಪನಿಗಳು ಕಂಡಕಂಡವರನ್ನೆಲ್ಲ ತೆಗೆದುಕೊಳ್ಳುತ್ತಿದ್ದವು. ಕೊರೋನಾ ಕಾಲದಲ್ಲಿ ಇಡೀ ಜಗತ್ತಿನ ವ್ಯವಹಾರ ಆನ್‌ಲೈನ್‌ಗೆ ಬಂದಿತ್ತು ಅಲ್ವಾ, ಅದರ ಪರಿಣಾಮ. 2021-22ರಲ್ಲಿ ಟಿಸಿಎಸ್ ಒಂದೇ ಸುಮಾರು 1 ಲಕ್ಷ ಫ್ರೆಶರ್‌ಗಳನ್ನು ಸೇರಿಸಿಕೊಂಡಿತು. ಇನ್ಫೋಸಿಸ್ ಸುಮಾರು 85,000. ಅಕ್ಕನ ಪಕ್ಕದ ಬೀದಿಯ ಹುಡುಗಿಯೊಬ್ಬಳು ಅದೇ ಕಾಲೇಜು, ಅದೇ ವಿಭಾಗ, ಎರಡು ವರ್ಷ ಸೀನಿಯರ್. ಅಂಕ ಅಕ್ಕನಿಗಿಂತ ಕಡಿಮೆ. ಪಾಸಾದ ಕೆಲವೇ ತಿಂಗಳಲ್ಲಿ ಮನೆಯಲ್ಲೇ ಕೂತು ಕೆಲಸ ಶುರು ಮಾಡಿದಳು. ವರ್ಷ ಕಳೆಯುವಷ್ಟರಲ್ಲಿ ಕಂಪನಿ ಬದಲಿಸಿ ಸಂಬಳ ಏರಿಸಿಕೊಂಡಳು.

ಅಕ್ಕನ ಕ್ಯಾಂಪಸ್ ಸಂದರ್ಶನ 2022ರ ಕೊನೆಗೆ ಬಂತು. ಆಯ್ಕೆಯೂ ಆಯಿತು. ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಮನೆಯಲ್ಲಿ ಹಬ್ಬ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಬಡ್ಡಿ ಏರಲು ಶುರುವಾಗಿತ್ತು. 2022ರ ಮಾರ್ಚ್‌ವರೆಗೆ ಸೊನ್ನೆಯ ಹತ್ತಿರ ಇದ್ದ ದರವನ್ನು ಅಲ್ಲಿನ ಕೇಂದ್ರ ಬ್ಯಾಂಕ್ 2023ರ ಜುಲೈ ಹೊತ್ತಿಗೆ 5.25–5.50 ಪರ್ಸೆಂಟ್‌ಗೆ ತಂದಿತು. ಸಾಲ ದುಬಾರಿಯಾದಾಗ ಅಲ್ಲಿನ ಬ್ಯಾಂಕು, ಅಂಗಡಿ, ವಿಮಾ ಕಂಪನಿಗಳು ಮೊದಲು ಮುಂದೂಡುವುದು ಹೊಸ ಸಾಫ್ಟ್‌ವೇರ್ ಕೆಲಸವನ್ನು. ಆ ಕೆಲಸವನ್ನೇ ನಂಬಿಕೊಂಡ ನಮ್ಮ ಕಂಪನಿಗಳ ಕೈಯಲ್ಲಿ 2021-22ರಲ್ಲಿ ತೆಗೆದುಕೊಂಡ ಜನ ಆಗಲೇ ಜಾಸ್ತಿ ಇದ್ದರು. 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರೂ ಸೇರಿ ನೌಕರರ ಸಂಖ್ಯೆ ಸುಮಾರು 64,000 ಇಳಿಯಿತು.

ಅಕ್ಕನನ್ನು ಆರಿಸಿಕೊಂಡ ಕಂಪನಿ ಲೆಟರ್ ಕೊಟ್ಟಿತು, ಸೇರುವ ತಾರೀಖು ಕೊಡಲಿಲ್ಲ. ಮೇಲ್ ಬರೆದರೆ "ವ್ಯವಹಾರದ ಅಗತ್ಯ ನೋಡಿ ತಿಳಿಸುತ್ತೇವೆ" ಅನ್ನುವ ಉತ್ತರ. ಆಮೇಲೆ ಇನ್ನೊಂದು ಆನ್‌ಲೈನ್ ಪರೀಕ್ಷೆ ಬರೆಯಿರಿ ಅಂದರು. ಬರೆದಳು. ಆಮೇಲೆ ಉತ್ತರವೇ ಇಲ್ಲ. ಈ ಕಾಯುವಿಕೆ ಬಗ್ಗೆ ಒಂದು ಮಾತು ಹೇಳಲೇಬೇಕು. ಆಫರ್ ಇಲ್ಲದ ಹುಡುಗಿ ಬೇರೆ ಕಡೆ ಹುಡುಕುತ್ತಾಳೆ. ಆಫರ್ ಇರುವವಳು ಇವತ್ತು ಬರಬಹುದು, ನಾಳೆ ಬರಬಹುದು ಅಂತ ಕೂರುತ್ತಾಳೆ. ಸಣ್ಣ ಕಂಪನಿಗೆ ಅರ್ಜಿ ಹಾಕಿದರೆ ಅವರೂ "ನಿಮಗೆ ದೊಡ್ಡ ಆಫರ್ ಇದೆಯಲ್ಲ, ಬಿಟ್ಟು ಹೋಗ್ತೀರಿ" ಅನ್ನುತ್ತಾರೆ. ಕಂಪನಿಗೆ ಒಂದು ಮೇಲ್ ಕಳಿಸಿ "ಆಗುವುದಿಲ್ಲ" ಅನ್ನಲು ಖರ್ಚೇನೂ ಇಲ್ಲ. ಅದನ್ನೂ ಹೇಳದೆ ಇಪ್ಪತ್ತೊಂದು–ಇಪ್ಪತ್ತೆರಡರ ಮಕ್ಕಳ ವರ್ಷವನ್ನು ಹೀಗೆ ಕಟ್ಟಿಹಾಕುವುದು ಅನ್ಯಾಯ.

ಅದೇ 2023ರಲ್ಲಿ ಮಳೆಯೂ ಕೈಕೊಟ್ಟಿತು. 124.80 ಅಡಿಯ ಕೆಆರ್‌ಎಸ್ ಆ ವರ್ಷ ತುಂಬಲೇ ಇಲ್ಲ. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ನಾಲೆ ನೀರು ನಂಬಿದ ಒಂದೂವರೆ ಎಕರೆಯಲ್ಲಿ ಕಬ್ಬು ಅರ್ಧಕ್ಕೆ ಒಣಗಿತು. ವಾಷಿಂಗ್ಟನ್ನಿನ ಬಡ್ಡಿ ದರಕ್ಕೂ ಕೊಡಗಿನ ಮಳೆಗೂ ಏನೂ ಸಂಬಂಧ ಇಲ್ಲ. ಆದರೆ ಎರಡೂ ಬಂದು ಸೇರಿದ್ದು ಇದೇ ಮನೆಯಲ್ಲಿ.

ಕೊನೆಗೆ ಅಕ್ಕ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ಗೆ ಸೇರಿದಳು. ತಿಂಗಳಿಗೆ 13,000. ಪಾಂಡವಪುರ ಸ್ಟೇಷನ್ನಿನಿಂದ ಬೆಳಗ್ಗೆ ರೈಲು, ರಾತ್ರಿ ವಾಪಸ್. ನೆಂಟರು "ಇದಕ್ಕೆ ಇಂಜಿನಿಯರಿಂಗ್ ಬೇಕಿತ್ತಾ" ಅಂದರು. ಇನ್ನೂ ಕೆಲವರು ಮದುವೆ ಮಾತು ತೆಗೆದರು. ಅಮ್ಮ ಒಪ್ಪಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿದ ಆ ತಾಯಿ "ಸಾಲ ಅವಳ ಹೆಸರಲ್ಲಿದೆ, ಕೆಲಸವೂ ಅವಳ ಹೆಸರಲ್ಲೇ ಇರಬೇಕು" ಅಂದರು. ಆ ತಾಯಿಯ ಮೇಲೆ ನನಗೆ ಬಹಳ ಗೌರವ.

ಸಾಲದ ಲೆಕ್ಕ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಮನೆಗಳಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರುವ ಭಾಗ.

ಶಿಕ್ಷಣ ಸಾಲದಲ್ಲಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ವರ್ಷಕ್ಕೆ 10 ಪರ್ಸೆಂಟ್ ಸರಳ ಬಡ್ಡಿ ಅಂತ ಹಿಡಿಯೋಣ. 2019ರಲ್ಲಿ ತೆಗೆದ ಮೊದಲ ಲಕ್ಷಕ್ಕೆ 2024ರ ಹೊತ್ತಿಗೆ 50,000. ಎರಡನೆಯದಕ್ಕೆ 40,000. ಮೂರನೆಯದಕ್ಕೆ 30,000, ಕೊನೆಯದಕ್ಕೆ 20,000. ಒಟ್ಟು 1 ಲಕ್ಷ 40 ಸಾವಿರ. ಅಂದರೆ ಕಂತು ಶುರುವಾಗುವ ದಿನ ಸಾಲ 4 ಲಕ್ಷ ಇರುವುದಿಲ್ಲ, 5 ಲಕ್ಷ 40 ಸಾವಿರ ಆಗಿರುತ್ತದೆ. ಹತ್ತು ವರ್ಷಕ್ಕೆ ಹಾಕಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. 13,000 ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ. ಕೆಲಸ ಸಿಗುವುದು ತಡವಾಗಬಹುದು. ಕಂತಿನ ತಾರೀಖು ಯಾರಿಗೂ ಕಾಯುವುದಿಲ್ಲ.

ಈ ಬಡ್ಡಿಯ ಭಾರ ತಪ್ಪಿಸಲು ಒಂದು ದಾರಿ ಇತ್ತು. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ನ್ಯಾಕ್ ಅಥವಾ ಎನ್‌ಬಿಎ (ಕಾಲೇಜು, ಕೋರ್ಸ್‌ಗಳ ಗುಣಮಟ್ಟ ನೋಡುವ ಸಂಸ್ಥೆಗಳು) ಮಾನ್ಯತೆ ಇರುವ ಕಡೆ ತಾಂತ್ರಿಕ ಕೋರ್ಸ್ ಓದುವವರಿಗೆ, ಕೋರ್ಸ್ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ಅದಕ್ಕೆ ಆಗ ವಿದ್ಯಾರ್ಥಿ ಮಾಡಬೇಕಿದ್ದದ್ದು ಇಷ್ಟೇ: ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದು ಬ್ಯಾಂಕಿಗೆ ಕೊಡುವುದು. ಉಳಿದದ್ದು ಬ್ಯಾಂಕ್ ಮಾಡಬೇಕಿತ್ತು. ಇವರ ಶಾಖೆಯಲ್ಲಿ ಸಾಲ ಕೊಡುವಾಗ ಯಾರೂ ಇದನ್ನು ಹೇಳಿರಲಿಲ್ಲ. ನಮ್ಮ ಗಮನಕ್ಕೆ ಬಂದು ಪತ್ರ ಕೊಟ್ಟದ್ದು ಕೊನೆಯ ವರ್ಷದಲ್ಲಿ. ಅಲ್ಲಿಂದ ಮುಂದಿನ ಬಡ್ಡಿ ಕಟ್ಟುವುದು ತಪ್ಪಿತು. ಹಳೆಯ ವರ್ಷಗಳ ಬಡ್ಡಿ ಕ್ಲೇಮ್ ಮಾಡುವ ಅವಧಿ ಮುಗಿದಿದೆ ಅಂತ ಶಾಖೆಯವರು ಹೇಳಿದರು.

ಇನ್ನೊಂದು ದಾರಿ ಇನ್ನೂ ಕಡಿಮೆ ಜನರಿಗೆ ಗೊತ್ತು. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೆಲಸ ಇಲ್ಲದ ಅಥವಾ ಓದಿಗೆ ತಕ್ಕ ಕೆಲಸ ಸಿಗದ ಅವಧಿಯಲ್ಲಿ ಕಂತಿಗೆ ವಿರಾಮ ಕೊಡಬಹುದು ಅಂತ ಇದೆ. ಮೊದಲ ವರ್ಷಗಳಲ್ಲಿ ಚಿಕ್ಕ ಕಂತು, ಸಂಬಳ ಏರಿದ ಹಾಗೆ ದೊಡ್ಡ ಕಂತು ಅನ್ನುವ ವ್ಯವಸ್ಥೆಯೂ ಇದೆ. 15 ವರ್ಷದವರೆಗೆ ಅವಧಿ ಕೇಳಬಹುದು. ಇದು ಬ್ಯಾಂಕಿಗೆ ಬಿಟ್ಟ ವಿಷಯ, ತಾನಾಗಿ ಸಿಗುವುದಿಲ್ಲ. ಆದರೆ ಕಂತು ತಪ್ಪಿದ ಮೇಲೆ ಹೋಗುವುದಕ್ಕೂ ತಪ್ಪುವ ಮೊದಲು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ತಪ್ಪಿದ ಮೇಲೆ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ತೋರಿಸುವ ಅಂಕ) ಹಾಳಾಗುತ್ತದೆ, ಮಾತಿಗೆ ಬೆಲೆ ಇರುವುದಿಲ್ಲ. 2024ರಲ್ಲಿ ಮೊದಲ ಕಂತಿಗೆ ಮುಂಚೆಯೇ ಅಕ್ಕ ಸಂಬಳದ ಚೀಟಿ, ಆಫರ್ ಲೆಟರ್, ಕಂಪನಿಯ ಮೇಲ್‌ಗಳು ಎಲ್ಲವನ್ನೂ ಜೋಡಿಸಿ ಬರವಣಿಗೆಯಲ್ಲಿ ಕೇಳಿದಳು. ಮೊದಲ ಸಲ ಅರ್ಜಿ ತೆಗೆದುಕೊಳ್ಳಲೇ ಇಲ್ಲ. ಸ್ವೀಕೃತಿ ಬೇಕು ಅಂತ ಪಟ್ಟು ಹಿಡಿದ ಮೇಲೆ ಕೆಲಸ ಆಯಿತು. ಅವಧಿ 15 ವರ್ಷಕ್ಕೆ ಹೋಯಿತು, ಮೊದಲ ಎರಡು ವರ್ಷ ಚಿಕ್ಕ ಕಂತು.

ರಾಜ್ಯ ಸರ್ಕಾರದ ಯುವನಿಧಿ ಭತ್ಯೆಯನ್ನೂ ನೋಡಿದೆವು. 2022-23ರಲ್ಲಿ ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಯೋಜನೆ ಒಳ್ಳೆಯದೇ. ಆದರೆ ಕೈಗೆ ಸಿಕ್ಕಿದ ಕೆಲಸ ಹಿಡಿದವಳಿಗೆ ಅದು ಇಲ್ಲ. ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತ ಇಂಜಿನಿಯರ್ ಸರ್ಕಾರದ ಲೆಕ್ಕದಲ್ಲಿ ಉದ್ಯೋಗಿ. ಓದಿಗೆ ತಕ್ಕ ಕೆಲಸ ಸಿಗದವರನ್ನು ಎಣಿಸುವ ಕಾಲಂ ನಮ್ಮ ಅರ್ಜಿಗಳಲ್ಲಿ ಬರಬೇಕು.

ಮೊದಲ ಐದು ವರ್ಷ

ಕೆಟ್ಟ ವರ್ಷದಲ್ಲಿ ಪಾಸಾದವರಿಗೆ ಆಗುವ ನಷ್ಟ ಎಷ್ಟು ದಿನ ಇರುತ್ತದೆ? ಲೀಸಾ ಕಾನ್ ಅನ್ನುವ ಅರ್ಥಶಾಸ್ತ್ರಜ್ಞೆ 1979ರಿಂದ 1989ರ ನಡುವೆ ಡಿಗ್ರಿ ಮುಗಿಸಿದ ಅಮೆರಿಕದ ಯುವಕರನ್ನು ಅಧ್ಯಯನ ಮಾಡಿದ್ದಾರೆ. ಪಾಸಾಗುವಾಗ ನಿರುದ್ಯೋಗ ದರ ಒಂದು ಪಾಯಿಂಟ್ ಹೆಚ್ಚಿದ್ದರೆ ಮೊದಲ ಸಂಬಳ 6ರಿಂದ 7 ಪರ್ಸೆಂಟ್ ಕಡಿಮೆ ಇತ್ತು. ಹದಿನೈದು ವರ್ಷ ಆದಮೇಲೂ ವ್ಯತ್ಯಾಸ ಪೂರ್ತಿ ಹೋಗಿರಲಿಲ್ಲ. ಕೆನಡಾದ ಪದವೀಧರರ ಮೇಲೆ ಆದ ಇನ್ನೊಂದು ಅಧ್ಯಯನದಲ್ಲಿ, ಸಾಮಾನ್ಯ ಹಿಂಜರಿತವೊಂದರಲ್ಲಿ ಪಾಸಾದವರಿಗೆ ಮೊದಲಿನ ನಷ್ಟ ಸುಮಾರು 9 ಪರ್ಸೆಂಟ್, ಅದು ಕರಗಲು ಹತ್ತು ವರ್ಷ. ಜಪಾನಿನಲ್ಲಿ 1990ರ ದಶಕದಲ್ಲಿ ಓದು ಮುಗಿಸಿದವರನ್ನು ಇಂದಿಗೂ ಉದ್ಯೋಗದ ಹಿಮಯುಗದ ಪೀಳಿಗೆ ಅಂತ ಕರೆಯುತ್ತಾರೆ.

ಕೆನಡಾದ ಅಧ್ಯಯನದಲ್ಲಿ ನನಗೆ ಉಪಯೋಗಕ್ಕೆ ಬಂದ ವಿಷಯ ಒಂದಿದೆ. ಚೇತರಿಸಿಕೊಂಡವರು ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲಿ ಒಳ್ಳೆಯ ಕಂಪನಿಗೆ ಜಿಗಿದವರು. ಕುಟುಂಬ, ಸಂಸಾರ ಅಂತ ಕಾಲು ಕಟ್ಟಿಕೊಂಡ ಮೇಲೆ ಜಿಗಿಯುವುದು ಕಷ್ಟ. ಇದನ್ನು ಅಕ್ಕನಿಗೂ ಅವಳ ಅಮ್ಮನಿಗೂ ಹೇಳಿದೆ. ಬಿಲ್ಲಿಂಗ್ ಕೆಲಸ ಮಾಡು, ಆದರೆ ಅಲ್ಲೇ ಉಳಿಯಬೇಡ ಅಂದೆ. ರೈಲಿನಲ್ಲಿ ಓದಿಕೊಂಡು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತಳು. 2025ರ ಶುರುವಿನಲ್ಲಿ ಮೈಸೂರಿನ ಒಂದು ಚಿಕ್ಕ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಸಿಕ್ಕಿತು. 22,000 ಸಂಬಳ. ಪಕ್ಕದ ಬೀದಿಯ ಸೀನಿಯರ್ ಈಗ ಅದರ ಮೂರು ಪಟ್ಟು ತೆಗೆದುಕೊಳ್ಳುತ್ತಿದ್ದಾಳೆ. ಇಬ್ಬರ ನಡುವೆ ಎರಡೇ ವರ್ಷದ ಅಂತರ.

ತಮ್ಮನ ದಾರಿ

ಐಟಿಐನ ಎರಡು ವರ್ಷದಲ್ಲಿ ವರ್ಕ್‌ಶಾಪ್ ಎಷ್ಟೋ ತಿಂಗಳು ಮುಚ್ಚಿತ್ತು. 2021ರ ಎರಡನೇ ಅಲೆಯ ಲಾಕ್‌ಡೌನ್ ಬಂದದ್ದು ಕೈಯಲ್ಲಿ ಉಪಕರಣ ಹಿಡಿದು ಕಲಿಯಬೇಕಾದ ಹೊತ್ತಿನಲ್ಲಿ. ಆದರೂ ಪಾಸಾದ. ಮೈಸೂರಿನ ಕೂರ್ಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆದ. 2023ರಲ್ಲಿ ಅಕ್ಕ ಕಾಯುತ್ತಾ ಕೂತಿದ್ದಾಗ ತಮ್ಮ ಮನೆಗೆ ದುಡ್ಡು ತರುತ್ತಿದ್ದ. "ಐಟಿಐ ಮಾಡಿಸಿದ್ದೇ ಒಳ್ಳೇದಾಯ್ತು" ಅಂತ ಊರಲ್ಲಿ ಎಲ್ಲರೂ ಅಂದರು. ಆ ವರ್ಷದ ಮಟ್ಟಿಗೆ ಅದು ನಿಜ. ಆದರೆ 1961ರ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕ ಅಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಇಲ್ಲ. ವರ್ಷ ಮುಗಿಯಿತು, ಅವನನ್ನು ಕಳಿಸಿ ಹೊಸ ಬ್ಯಾಚ್ ತೆಗೆದುಕೊಂಡರು.

ಆಗ ಅವನು ಬಂದು ಕೇಳಿದ, "ಸರ್, ನನಗೆ ಇನ್ನು ಇಂಜಿನಿಯರಿಂಗ್ ಆಗೋದೇ ಇಲ್ವಾ?" ಆಗುತ್ತದೆ. ಐಟಿಐ ಎರಡು ವರ್ಷ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ, ಅಂಥವರಿಗೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಎರಡು, ಎರಡು, ಮೂರು. ಒಟ್ಟು ಏಳು ವರ್ಷ. ಪಿಯು ಮೂಲಕ ಹೋದರೆ ಆರು. ಒಂದೇ ವರ್ಷ ಹೆಚ್ಚು! 2020ರ ಆಗಸ್ಟ್‌ನಲ್ಲಿ ಯಾರಾದರೂ ಇದನ್ನು ಅವನಿಗೆ ಹೇಳಿದ್ದರೆ ಐಟಿಐಗೆ ಸೇರುವಾಗಲೇ ಅವನ ಮನಸ್ಸು ಬೇರೆ ಥರ ಇರುತ್ತಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಡುವ ದಿನವೇ ಪ್ರತಿ ಶಾಲೆಯಲ್ಲೂ ಈ ದಾರಿಯನ್ನು ಹೇಳಬೇಕು. ಅದಕ್ಕೆ ಬಜೆಟ್ ಬೇಕಿಲ್ಲ.

2024ರಲ್ಲಿ ಅವನು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿದ. ಫೀಸು ಕೆಲವೇ ಸಾವಿರ. ಭಾನುವಾರ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಗಣಿತದಲ್ಲಿ ಮೊದಮೊದಲು ಕಷ್ಟವಾಯಿತು, ನಾಲ್ಕು ವರ್ಷ ಬಿಟ್ಟಿದ್ದ ಅಲ್ವಾ. ಅಕ್ಕ ಹೇಳಿಕೊಟ್ಟಳು.

2026ಕ್ಕೆ ಡಿಪ್ಲೊಮಾ ಮುಗಿಯುತ್ತದೆ. ಡಿಸಿಇಟಿ ಬರೆಯಬೇಕೋ, ಕೆಲಸಕ್ಕೆ ಹೋಗಬೇಕೋ ಅನ್ನುವ ಮಾತು ಮನೆಯಲ್ಲಿ ನಡೆಯುತ್ತಿದೆ. ಅಕ್ಕನ ಚಿಕ್ಕ ಕಂತಿನ ಅವಧಿ ಮುಗಿದು ದೊಡ್ಡ ಕಂತು ಶುರುವಾಗುವುದೂ ಅದೇ ವರ್ಷ. ಅಪ್ಪನಿಗೆ ಇನ್ನೊಂದು ಸಾಲದ ಭಯ ಇದೆ. ಅವನು ಡಿಸಿಇಟಿ ಬರೆಯಲಿ ಅಂತಲೇ ನಾನು ಹೇಳಿದ್ದೇನೆ. ಈ ಸಲ ಆದಾಯ ಪ್ರಮಾಣಪತ್ರವನ್ನು ಸಾಲದ ಅರ್ಜಿಯ ಜೊತೆಯಲ್ಲೇ ಕೊಡಬೇಕು, ಸ್ವೀಕೃತಿ ತೆಗೆದುಕೊಳ್ಳಬೇಕು ಅಂತಲೂ ಹೇಳಿದ್ದೇನೆ. ಅದನ್ನು ಅಕ್ಕ ಬರೆದಿಟ್ಟುಕೊಂಡಿದ್ದಾಳೆ.